ಕೋಳಿಗೂಡಿನ ಮೇಲಿನ ಡ್ರೆಸ್ಸಿಂಗ್

ಸುಂಟಿಕೊಪ್ಪದ ನಮ್ಮ ಮನೆಯ ಕೋಳಿಗೂಡಿನ ಮೇಲೆ ಪ್ಯಾಶನ್ ಫ್ರೂಟ್ ಬಳ್ಳಿ ಹಬ್ಬಿದೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಬೆಳೆಸಿದ 'ಕಾವೇರಿ' ತಳಿ. ಆಗಸ್ಟ್ ಮಳೆಗೆ ಬೆಳಗಾದರೆ ಹತ್ತಿಪ್ಪತ್ತು ಹಣ್ಣು ನೆಲದಲ್ಲಿ. ಜ್ಯೂಸ್ ಮಾಡಿ ಮಾಡಿ ನನಗೂ ಸಾಕು, ಕುಡಿದು ಕುಡಿದು ಮನೆಯವರಿಗೂ ಸಾಕು.

ಕಳೆದ ವರ್ಷ ನಮ್ಮ ಹೋಂಸ್ಟೇಗೆ ಬಂದವರೊಬ್ಬರು ರಾತ್ರಿಗೆ ಸಲಾಡ್ ಕೇಳಿದರು. "ಡ್ರೆಸ್ಸಿಂಗ್ ಇರಲಿ, ಎಣ್ಣೆ ಮಾತ್ರ ಬೇಡ." ಫ್ರಿಜ್ಜಿನಲ್ಲಿದ್ದ ಅಂಗಡಿ ಬಾಟಲಿ ತಿರುಗಿಸಿ ಓದಿದೆ. ಮೊದಲ ಹೆಸರೇ ಎಣ್ಣೆ, ಹಿಂದೆಯೇ ಸಕ್ಕರೆ. ಅಲ್ಲೇ ಇಟ್ಟು ಕೊಡೆ ಹಿಡಿದು ಕೋಳಿಗೂಡಿಗೆ ಹೋದೆ.

ಸಿಪ್ಪೆ ಸುಕ್ಕುಗಟ್ಟಿದ ಹಣ್ಣನ್ನೇ ಆರಿಸಿ. ನುಣ್ಣಗಿದ್ದರೆ ಹುಳಿ ಜಾಸ್ತಿ. ಮೂರು ಹಣ್ಣಿನ ತಿರುಳು, ಅರ್ಧ ಚಮಚ ಜೇನು, ಉಪ್ಪು, ನಮ್ಮದೇ ತೋಟದ ಕರಿಮೆಣಸು ಕುಟ್ಟಿದ್ದು, ಚಿಟಿಕೆ ಸಾಸಿವೆ ಪುಡಿ, ಎರಡು ಚಮಚ ಎಣ್ಣೆ. ಖಾಲಿ ಜಾಮ್ ಬಾಟಲಿಗೆ ಹಾಕಿ ಕುಲುಕುವುದು, ಅಷ್ಟೇ. ರಸವೂ ಎಣ್ಣೆಯೂ ಬೇಗ ಬೇರೆಯಾಗದಂತೆ ಸಾಸಿವೆ ಹಿಡಿದಿಡುತ್ತದೆ. ಬೀಜ ಸೋಸಬೇಡಿ, ನಾರು ಇರುವುದೇ ಅಲ್ಲಿ. ಒಲೆಗೆ ಇಡುವುದಿಲ್ಲವಲ್ಲ, ವಿಟಮಿನ್ ಸಿ ಕೂಡ ಉಳಿಯುತ್ತದೆ.

ಹೌದು, ಬೇಡವೆಂದವರಿಗೂ ಎಣ್ಣೆ ಹಾಕಿದೆ, ಹೇಳಿಯೇ ಹಾಕಿದೆ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಒಂದಿಷ್ಟು ಜಿಡ್ಡು ಬೇಕು. ಹಾಗಂತ ಸುರಿಯುವುದಲ್ಲ, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಮಾಮೂಲಿ ಡ್ರೆಸ್ಸಿಂಗಿಗೆ 1 ಪಾಲು ಹುಳಿಗೆ 3 ಪಾಲು ಎಣ್ಣೆ ಅನ್ನುತ್ತಾರೆ. ಹಣ್ಣಿನ ತಿರುಳೇ ಮಂದವಾಗಿರುವಾಗ ಅಷ್ಟೆಲ್ಲ ಯಾಕೆ?

ಅತ್ತೆ ನಾಲಿಗೆಗೆ ಹಚ್ಚಿ ನೋಡಿ, "ಕೋಸಂಬರಿಗೆ ಒಗ್ಗರಣೆ ಕೊಟ್ಟು ನಿಂಬೆ ಹಿಂಡಿದ ಹಾಗೇ ಅಲ್ವಾ ಇದು?" ಅಂದರು. ಆ ಹುರುಪಿಗೆ ಮರುದಿನ ಮಧ್ಯಾಹ್ನ ಮನೆಯವರ ಸಲಾಡಿಗೆ ಒಂದು ಚಮಚ ಕಾಚಂಪುಳಿ ಬೆರೆಸಿದೆ. ಹಂದಿ ಕರಿಗೆ ಹಾಕುವ ಆ ಕಪ್ಪು ಹುಳಿಯೇ. ಮಗನ ಮುಖ ಕಿವುಚಿದ್ದು ನೋಡಬೇಕಿತ್ತು! ಈಗ ನಾಲ್ಕೇ ಹನಿ. ಉಳಿದದ್ದನ್ನು ಕೋಳಿಗೆ ಹಚ್ಚಿ ಒಂದು ಗಂಟೆ ಬಿಟ್ಟು ಹುರಿದರೆ ಬಹಳ ರುಚಿ.

ಅದೇ ರಾತ್ರಿ ಆ ಅತಿಥಿಗೆ ಬೆಣ್ಣೆಹಣ್ಣು ಹಿಸುಕಿ, ನಿಂಬೆರಸ, ಹಸಿಮೆಣಸು, ನೀರು ಸೇರಿಸಿ ಸೌತೆಕಾಯಿಯ ಮೇಲೆ ಹಾಕಿಕೊಟ್ಟೆ. ಎಣ್ಣೆಯೇ ಇಲ್ಲವೆಂದು ಎರಡು ಸಲ ಬಡಿಸಿಕೊಂಡರು. 100 ಗ್ರಾಂ ಬೆಣ್ಣೆಹಣ್ಣಿನಲ್ಲಿ ಸುಮಾರು 15 ಗ್ರಾಂ ಕೊಬ್ಬು. ಒಳ್ಳೆಯ ಕೊಬ್ಬೇ ಅನ್ನಿ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.