ಕಟ್ಟಿಹಾಕಿದ ಗಂಟೆ

ಮನೆ ನೋಡಲು ಹೋದ ದಿನ ಗಂಟೆ ಕೇಳಿಸಿದ ನೆನಪೇ ಇಲ್ಲ. ಅಡುಗೆಮನೆ ಕಿಟಕಿ ತೆಗೆದರೆ ಕೆಳಗೆ ಆಲಿವ್ ತೋಟ, ಆಚೆಗೆ ಇಟಲಿಯ ಫೋಲಿನ್ಯೋ ಪಟ್ಟಣದ ಕಡೆಯ ಬಯಲು. ಅದಕ್ಕೇ ಮರುಳಾಗಿ ಮುಂಗಡ ಕೊಟ್ಟುಬಿಟ್ಟೆವು. 2024ರ ಜನವರಿ. ನಮ್ಮವರಿಗೆ ಪೆರೂಜಾದಲ್ಲಿ ಕೆಲಸ, ನಮ್ಮ ವಾಸ ಅಸ್ಸೀಸಿಯ ಬೆನ್ನಿಗಿರುವ ಸುಬಾಸಿಯೊ ಬೆಟ್ಟದ ಮಗ್ಗುಲಿನ ಒಂದು ಪುಟ್ಟ ಊರಿನಲ್ಲಿ. ಮಲಗುವ ಕೋಣೆಗೂ ಚರ್ಚಿನ ಗೋಪುರಕ್ಕೂ ನಡುವೆ ಒಂದೇ ಒಂದು ಓಣಿ.

ಮೊದಲ ರಾತ್ರಿ ಎರಡು ಗಂಟೆಗೆ ಎರಡು ಏಟು. ಹಾಳಾಗಲಿ ಅಂತ ಮಗ್ಗುಲಾದರೆ, ಎರಡು ನಿಮಿಷ ಬಿಟ್ಟು ಮತ್ತೆ ಎರಡು! ಮೊದಲ ಸಲ ಎಣಿಕೆ ತಪ್ಪಿದವರಿಗಾಗಿ ಎರಡನೇ ಸಲವಂತೆ. ಹೊಲದಲ್ಲಿ ದುಡಿಯುವವರ ಕೈಯಲ್ಲಿ ವಾಚು ಇಲ್ಲದ ಕಾಲದ ಏರ್ಪಾಡು. ನಿದ್ದೆಗೆಟ್ಟು ಲೆಕ್ಕ ಹಾಕಿದೆ. ದಿನಕ್ಕೆ 156, ಎರಡೆರಡು ಸಲ ಅಂದರೆ 312 ಏಟು. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಪ್ರಾರ್ಥನೆ ಗಂಟೆ ಬೇರೆ. ಬೈಯೋಣವೆಂದರೆ ಹಗ್ಗ ಎಳೆಯುವವರೂ ಇಲ್ಲ, ಮೇಲಿರುವುದು ಮೋಟರು.

ಫೆಬ್ರವರಿ ಮುಗಿಯುವಷ್ಟರಲ್ಲಿ ಕಿವಿ ಸೋತಿತು, ಕೈ ಒಗ್ಗಿತು. ಹನ್ನೊಂದು ಹೊಡೆದರೆ ಅಕ್ಕಿ ತೊಳೆಯುವುದು, ಹನ್ನೆರಡು ಹೊಡೆದರೆ ಸಾಗರಕ್ಕೆ ಫೋನು. ಅಲ್ಲಿ ಆಗ ನಾಲ್ಕೂವರೆ, ಅಮ್ಮನ ಕಾಫಿ ಹೊತ್ತು. ಕಿಟಕಿಕಟ್ಟೆಯ ಸ್ಟೀಲ್ ಲೋಟ ಸಣ್ಣಗೆ ಗುಂಯ್‌ಗುಡುವಾಗ, “ಅಲ್ಲೂ ಮಂಗಳಾರತಿ ಆಗ್ತಿದ್ಯೇನೇ?” ಅನ್ನುತ್ತಿದ್ದಳು.

ಮಾರ್ಚ್ 29, ಗುಡ್ ಫ್ರೈಡೆ. ಅನ್ನ ತಳ ಹಿಡಿಯಿತು. ಹೊತ್ತಾಗಿದ್ದು ತಿಳಿದೇ ಇರಲಿಲ್ಲ. ಅಷ್ಟರಲ್ಲಿ ಅಮ್ಮನೇ ಫೋನ್ ಮಾಡಿದಳು: “ಹುಷಾರಿದ್ದೀಯಾ? ಕಾಫಿ ಕುಡಿದು ಲೋಟ ತೊಳೆದಿಟ್ಟೂ ಆಯ್ತು.” ಗೋಪುರ ಕೆಟ್ಟಿದೆಯೇನೋ ಅಂತ ಕೆಳಗಿಳಿದು ಮನೆ ಓನರ್ ಅಜ್ಜಿಯನ್ನು ಕೇಳಿದೆ. ಅವರು ಎರಡೂ ಮಣಿಕಟ್ಟುಗಳನ್ನು ಜೋಡಿಸಿ, ಬೇಡಿ ಹಾಕಿದಂತೆ ತೋರಿಸಿ, “ಲೆಗಾತೆ” ಅಂದರು. ಕಟ್ಟಿಹಾಕಿದ್ದಾರೆ! ಗುರುವಾರ ಸಂಜೆಯ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಾಗ ಬಾರಿಸಿದ್ದೇ ಕೊನೆ. ಶನಿವಾರ ರಾತ್ರಿಯ ಈಸ್ಟರ್ ಪೂಜೆಯಲ್ಲಿ ಮತ್ತೆ ಗ್ಲೋರಿಯಾ ಬರುವವರೆಗೆ ಗಂಟೆಗೆ ಸೂತಕ. ಈ ಊರಿನಲ್ಲಿ ಗಡಿಯಾರದ ಬಡಿತವನ್ನೂ ನಿಲ್ಲಿಸಿದ್ದರು. ಬದಲಿಗೆ ಇಬ್ಬರು ಹುಡುಗರು ಮರದ ಗಿರಗಟ್ಟೆಯೊಂದನ್ನು ತಿರುಗಿಸುತ್ತಾ ಓಣಿಯಲ್ಲಿ ಹಾದುಹೋದರು. ಕಟಕಟ ಕಟಕಟ, ಒಣ ಸದ್ದು. ಆ ರಾತ್ರಿ ಎಷ್ಟೋ ಹೊತ್ತು ಎಚ್ಚರವಿದ್ದೆ. ಬಡಿತ ಬೇಡವೆಂದು ಶಪಿಸಿದವಳೇ ಈಗ ಅದಿಲ್ಲದೆ ಹೊರಳಾಡುತ್ತಿದ್ದೇನೆಂದು ನಮ್ಮವರಿಗೆ ಮಾತ್ರ ಹೇಳಲಿಲ್ಲ.

ಶನಿವಾರ ರಾತ್ರಿ ಅಜ್ಜಿ ಮಂಡಿನೋವೆಂದು ಚರ್ಚಿಗೆ ಹೋಗಲಿಲ್ಲ. ನನ್ನನ್ನು ಕೂಗಿ ಕರೆದು ಅಡುಗೆಮನೆಯಲ್ಲಿ ಕೂರಿಸಿಕೊಂಡರು. ಹತ್ತು ದಾಟಿತ್ತು. ಒಮ್ಮೆಲೇ ಇದ್ದಬದ್ದ ಗಂಟೆಗಳೆಲ್ಲ ಶುರುವಾದವು, ಕೆಳಗಿನ ಬಯಲಿನ ಊರಿನವೂ. ಅಜ್ಜಿ ನಲ್ಲಿ ತಿರುಗಿಸಿ, ಬೆರಳು ಒದ್ದೆ ಮಾಡಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಅವರಮ್ಮ ಹಾಗೆ ಮಾಡುತ್ತಿದ್ದರಂತೆ. ನಾನು ನೋಡುತ್ತಾ ನಿಂತಿದ್ದು ಕಂಡು, ಹತ್ತಿರ ಎಳೆದು ನನ್ನ ಕಣ್ಣಿಗೂ ಹಚ್ಚಿದರು. ಕೈಗೆ ಬೆಳ್ಳುಳ್ಳಿ ವಾಸನೆ.

ಅದೇ ರಾತ್ರಿ ಯುರೋಪಿನ ಗಡಿಯಾರಗಳು ಒಂದು ತಾಸು ಮುಂದೆ ಹೋದವು. ಅಮ್ಮನ ಕಾಫಿ ಇಲ್ಲಿಯ ಹನ್ನೆರಡರಿಂದ ಒಂದಕ್ಕೆ ಸರಿಯಿತು. ಒಂದು ಗಂಟೆಗೆ ಬೀಳುವುದು ಒಂದೇ ಏಟು. ಒಗ್ಗರಣೆ ಸದ್ದಿನಲ್ಲಿ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಪರವಾಗಿಲ್ಲ, ಎರಡು ನಿಮಿಷ ಬಿಟ್ಟು ಇನ್ನೊಂದು ಬೀಳುತ್ತದೆ.