ಬಿಸಿಲು ಎಷ್ಟು ಅಡಿ ಒಳಗೆ ಬರುತ್ತೆ?

ಮನೆಯ ಒಳಗನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಫೋಟೋದ ಹಾಗೆ ಕಾಣುವ ಚಿತ್ರ ಮಾಡೋದನ್ನು ನಾನು ಕಲಿಸುತ್ತೇನೆ. ಅಂಥ ಚಿತ್ರಕ್ಕೆ ವ್ಯೂ ಅಂತಾರೆ. ಹೋದ ತಿಂಗಳ ಒಂದು ಶನಿವಾರ ಕ್ಲಾಸಿಗೆ ಒಬ್ಬ ಹುಡುಗಿ ತನ್ನ ಮನೆ ಹಾಲ್‌ನ ವ್ಯೂ ತಂದಿದ್ದಳು. ಎ3 ಹಾಳೆಯ ಪ್ರಿಂಟ್. ನನ್ನ ಕ್ಲಾಸಿಗೆ ಪ್ರಿಂಟ್ ತರಲೇಬೇಕು. ಸ್ಕ್ರೀನ್ ಮೇಲೆ ಜೂಮ್ ಮಾಡುತ್ತಾ ಕೂತರೆ ಕುರ್ಚಿಯ ಹೊಲಿಗೆ ಕಾಣುತ್ತೆ, ಕೋಣೆ ಕಾಣೋದಿಲ್ಲ. ಗೋಡೆಗೆ ಅಂಟಿಸಿ, ಎರಡು ನಿಮಿಷ ಯಾರೂ ಮಾತಾಡದೆ ನಿಂತು ನೋಡಿದೆವು.

ಸೋಫಾ, ಟೀಪಾಯಿ, ಶೋಕೇಸ್, ಕೆಂಪು ನೆಲ. ದಕ್ಷಿಣದ ಕಿಟಕಿಯಿಂದ ಬಂದ ಹೊಂಬಿಸಿಲು ಹಾಲ್ ಪೂರ್ತಿ ದಾಟಿ ಎದುರಿನ ಶೋಕೇಸ್ ಬುಡ ಮುಟ್ಟಿತ್ತು. ಹುಡುಗರೆಲ್ಲ ಸೂಪರ್ ಅಂದರು.

"ಎಷ್ಟು ಗಂಟೆ ಬಿಸಿಲಮ್ಮ ಇದು?"

"ಮಧ್ಯಾಹ್ನ ಹನ್ನೆರಡು, ಮೇಡಂ." ಶೋಕೇಸ್ ಮೇಲಿನ ಗಡಿಯಾರದಲ್ಲೂ ಹನ್ನೆರಡೇ ಇತ್ತು. ಅಷ್ಟು ಮುತುವರ್ಜಿಯಿಂದ ಮಾಡಿದ್ದಳು.

ಬೋರ್ಡ್ ಮೇಲೆ ಕಿಟಕಿಯ ಸೆಕ್ಷನ್, ಅಂದರೆ ಮೇಲಿಂದ ಕೆಳಗೆ ಸೀಳಿ ಪಕ್ಕದಿಂದ ನೋಡಿದ ಹಾಗಿನ ಚಿತ್ರ ಬರೆದೆ. ನಮ್ಮ ಮೈಸೂರು ಇರೋದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಅತಿ ದಕ್ಷಿಣಕ್ಕಿರುವ ಡಿಸೆಂಬರ್ ಮೂರನೇ ವಾರದಲ್ಲೂ ನಡುಹಗಲಿಗೆ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಅವಳ ಮನೆ ಕಿಟಕಿಯ ಮೇಲಂಚು (ಲಿಂಟಲ್) 7 ಅಡಿಗೆ, ಕೆಳಂಚು (ಸಿಲ್) 3 ಅಡಿಗೆ, ಗೋಡೆ 9 ಇಂಚು ದಪ್ಪ, ಹೊರಗೆ ಕಿಟಕಿಯ ಮೇಲೆ ಒಂದೂವರೆ ಅಡಿ ಚಾಚಿದ ಸಜ್ಜಾ. ಸಜ್ಜಾದ ಅಂಚಿನಿಂದ ಗೆರೆ ಎಳೆದರೆ ಬಿಸಿಲು ಒಳಗೋಡೆಯಿಂದ ಮೂರಡಿ ಕೂಡ ದಾಟೋದಿಲ್ಲ. ನೆಲದ ಮೇಲೆ ಬೀಳೋದು ಏಳೆಂಟು ಇಂಚು ಅಗಲದ ಒಂದು ಪಟ್ಟಿ, ಅಷ್ಟೇ. ಜೂನ್‌ನಲ್ಲಿ ಅದೂ ಇಲ್ಲ. ಆಗ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಹೋಗಿರುತ್ತಾನೆ, ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ತಾಗೋದಿಲ್ಲ.

ಹಾಗಾದರೆ ಆ ಬಿಸಿಲು ಎಲ್ಲಿಂದ ಬಂತು? ಅವಳು ಹಾಕಿದ್ದ ಎಚ್‌ಡಿಆರ್‌ಐ, ಅಂದರೆ ಚಿತ್ರಕ್ಕೆ ಬೆಳಕು ಕೊಡುವ ಆಕಾಶದ ಫೋಟೋ, ಯುರೋಪಿನಲ್ಲಿ ತೆಗೆದದ್ದು. ಡಿಸೆಂಬರ್ ನಡುಹಗಲಲ್ಲಿ ಲಂಡನ್ನಿನ ಸೂರ್ಯ ಏರೋದು 15 ಡಿಗ್ರಿ. ಅಲ್ಲಿನವರ ಸೋಫಾ ಮೇಲೆ ಮಧ್ಯಾಹ್ನದ ಬಿಸಿಲು ಮಲಗೋದು ಸಹಜ. ನಮ್ಮ ಮನೆಗಳಲ್ಲಿ ಅಷ್ಟು ಉದ್ದದ ಬಿಸಿಲು ಬೇಕಿದ್ದರೆ ಬೆಳಿಗ್ಗೆ ಏಳರ ಹೊತ್ತಿಗೆ ಪೂರ್ವದ ಕಿಟಕಿ ಹತ್ತಿರ ನಿಲ್ಲಬೇಕು. ಹುಡುಗರು ನೋಡಿ ಕಲಿಯುವ ಚಿತ್ರಗಳು, ಇಳಿಸಿಕೊಳ್ಳುವ ಆಕಾಶಗಳು ಎಲ್ಲ ಬೇರೆ ಊರಿನವು. ತಮ್ಮ ಮನೆ ನಡುಮಧ್ಯಾಹ್ನ ಹೇಗೆ ಕಾಣುತ್ತೆ ಅನ್ನೋದನ್ನೇ ಮರೆತುಬಿಡುತ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ಬೆಳಕು ಬರೋದು ನೆಲದಿಂದ. ಅಂಗಳಕ್ಕೆ ಬಿದ್ದ ಬಿಸಿಲು ಪುಟಿದು ಕಿಟಕಿಯೊಳಗೆ ನುಗ್ಗಿ ಸೂರಿಗೆ ಹೊಡೆಯುತ್ತೆ. ಕೋಣೆಯ ಮೇಲ್ಭಾಗ ಬೆಳಗಿರುತ್ತೆ, ಕೆಳಗೆ ತಂಪು ನೆರಳು.

ಇಷ್ಟನ್ನು ಬೋರ್ಡ್ ಮೇಲೆ ಬರೆದು ತೋರಿಸೋದಕ್ಕೆ ನನ್ನದೇ ಒಂದು ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಮೊದಲ ಆಫೀಸಿನಲ್ಲಿ ಮೇಲಿನವರು ನನ್ನ ವ್ಯೂ ನೋಡಿ "ಜೀವ ಇಲ್ಲ" ಅಂದು ಎದ್ದು ಹೋದರು. ಜೀವ ಎಲ್ಲಿ ಹೋಯಿತು ಅಂತ ಹುಡುಕುತ್ತಾ ನಾಲ್ಕು ರಾತ್ರಿ ರೆಂಡರ್‌ಗೆ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ಮೂಡಿಸೋದಕ್ಕೆ, ಇಟ್ಟೆ. ಸಸಿ ಸೇರಿಸಿದೆ, ಪುಸ್ತಕ ಜೋಡಿಸಿದೆ, ಟೀಪಾಯಿ ಮೇಲೆ ಕಾಫಿ ಕಪ್ ಇಟ್ಟೆ. ಐದನೇ ದಿನವೂ ಅದೇ ಮಾತು. ಆ ಚಿತ್ರದಲ್ಲಿ ತಪ್ಪಿದ್ದದ್ದು ಗೋಡೆಯ ಬಿಳಿ, ಅದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ. ಅದಕ್ಕೇ ನನ್ನ ಕ್ಲಾಸಿನಲ್ಲಿ "ಚೆನ್ನಾಗಿದೆ" ಕೂಡದು, "ಏನೋ ಸರಿ ಇಲ್ಲ" ಕೂಡದು. ಹೇಳುವವರು ಹಾಳೆಯ ಮೇಲೆ ಬೆರಳಿಟ್ಟು ಜಾಗ ತೋರಿಸಬೇಕು. ನಿಜವಾದ ಕೋಣೆಯಲ್ಲಿ ಅದೇ ಜಾಗ ಹೇಗಿರುತ್ತೆ ಅಂತಲೂ ಹೇಳಬೇಕು. ಗೊತ್ತಿಲ್ಲದಿದ್ದರೆ ಎದ್ದು ಹೋಗಿ ನೋಡಿಕೊಂಡು ಬರಬೇಕು.

ಆ ಬಿಳಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗೋಡೆ ಬಿಳಿ ಅಂದಕೂಡಲೇ ಎಲ್ಲರೂ 255, 255, 255 ಹಾಕುತ್ತಾರೆ, ಅಂದರೆ ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ. ಬಿದ್ದ ಬೆಳಕನ್ನೆಲ್ಲ ಪೂರ್ತಿ ವಾಪಸ್ ಕೊಡುವ ಗೋಡೆ ಲೋಕದಲ್ಲಿಲ್ಲ. ಹೊಸದಾಗಿ ಬಳಿದ ಒಳ್ಳೆ ಬಿಳಿ ಪೇಂಟ್ ಕೂಡ ವಾಪಸ್ ಕೊಡೋದು ಶೇಕಡಾ 80ರ ಆಸುಪಾಸು. ನೂರಕ್ಕೆ ನೂರು ಕೊಟ್ಟರೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತೆ, ಮೂಲೆಗಳ ನೆರಳು ಸತ್ತುಹೋಗುತ್ತೆ, ಕೋಣೆ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತೆ.

ಇನ್ನು ಕೆಂಪು ನೆಲ. ಅದರ ಮೇಲೆ ನನಗೆ ವಿಶೇಷ ಪ್ರೀತಿ, ಏಕೆಂದರೆ ಸಾಗರ ಪೇಟೆಯ ಹತ್ತಿರ ನನ್ನ ಅಜ್ಜಿ ಮನೆಯದ್ದು ರೆಡ್ ಆಕ್ಸೈಡ್ ನೆಲ. ಹುಡುಗಿ ಹಾಕಿದ್ದ ನೆಲ ಉದ್ದಕ್ಕೂ ಒಂದೇ ಹೊಳಪಿನದು, ಕೆಂಪು ಗಾಜು ಹಾಸಿದ ಹಾಗೆ. ಅಜ್ಜಿ ಮನೆಯ ನೆಲ ಹಾಗಿರಲಿಲ್ಲ. ಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿ ಕಾಲು ತಾಗಿ ತಾಗಿ ಕನ್ನಡಿಯಾಗಿತ್ತು. ಮಂಚದ ಅಡಿ ಮಬ್ಬು. ಹಬ್ಬಕ್ಕೆ ಮುಂಚೆ ಅಜ್ಜಿ ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸಿದ ಮೇಲೆ ಕೈ ಓಡಿದ ಕಡೆಯೆಲ್ಲ ಅರ್ಧಚಂದ್ರದ ಗುರುತು ಎರಡು ದಿನ ಉಳಿಯುತ್ತಿತ್ತು. ಎಲ್ಲಿ ಹೊಳಪು, ಎಲ್ಲಿ ಮಬ್ಬು ಅಂತ ಸಾಫ್ಟ್‌ವೇರ್‌ಗೆ ಹೇಳುವ ಚಿತ್ರಕ್ಕೆ ರಫ್‌ನೆಸ್ ಮ್ಯಾಪ್ ಅಂತಾರೆ. ಇಂಟರ್ನೆಟ್ಟಿನಿಂದ ಇಳಿಸಿದ ಮ್ಯಾಪ್‌ಗೆ ನಿಮ್ಮ ಮನೆಯವರು ಎಲ್ಲಿ ನಡೆದಾಡುತ್ತಾರೆ ಅಂತ ಗೊತ್ತಿರೋದಿಲ್ಲ.

ಅದೇ ನೆಲದ ಮೇಲೆ ನಿಂತು ಕಾಲ ಬುಡ ನೋಡಿ, ಬರೀ ಕೆಂಪು. ತಲೆ ಎತ್ತಿ ದೂರದ ಬಾಗಿಲ ಕಡೆ ನೋಡಿ, ನೆಲದಲ್ಲಿ ಬಾಗಿಲೇ ಮಲಗಿರುತ್ತೆ. ನೇರ ಮೇಲಿನಿಂದ ನೋಡಿದಾಗ ಇಂಥ ಮೇಲ್ಮೈ ಪ್ರತಿಫಲಿಸೋದು ಶೇಕಡಾ 4ರಷ್ಟು ಮಾತ್ರ. ನೋಟ ಓರೆಯಾದಷ್ಟೂ ಅದು ಏರುತ್ತಾ ಹೋಗುತ್ತೆ. ಇದಕ್ಕಿರುವ ಫ್ರೆನೆಲ್ ಅನ್ನುವ ಹೆಸರನ್ನು ಹುಡುಗರು ಸಾಫ್ಟ್‌ವೇರ್‌ನ ಮೆನುವಿನಲ್ಲಿ ದಿನಾ ನೋಡುತ್ತಾರೆ. ಅದು 19ನೇ ಶತಮಾನದ ಫ್ರೆಂಚ್ ವಿಜ್ಞಾನಿಯ ಹೆಸರು, ಅವನು ಲೆಕ್ಕ ಹಾಕಿದ್ದು ಅಜ್ಜಿ ಮನೆ ನೆಲದಲ್ಲೂ ನಡೆಯುತ್ತಿದೆ ಅಂತ ತೋರಿಸಿದಾಗ ಅವರ ಮುಖ ಅರಳೋದು ನೋಡಬೇಕು.

ಮತ್ತೆ ಆ ಕೆಂಪು ತನ್ನ ಜಾಗದಲ್ಲಿ ಸುಮ್ಮನೆ ಇರೋದಿಲ್ಲ. ಗೋಡೆಯ ಕೆಳಗಿನ ಎರಡಡಿ, ಕುರ್ಚಿಯ ಅಡಿಭಾಗ, ಬಿಸಿಲಿದ್ದರೆ ಸೂರು ಕೂಡ ತೆಳುವಾಗಿ ಕೆಂಪೇರುತ್ತೆ. ಇದನ್ನು ಕಲಿಸೋಕೆ ನಾನು ಚಪ್ಪಲಿ ಡಬ್ಬಿ ತರಿಸುತ್ತೇನೆ. ಒಳಗೆಲ್ಲ ಬಿಳಿ ಹಾಳೆ, ಒಂದು ಬದಿಗೆ ಕೆಂಪು ಹಾಳೆ, ಮೇಲೊಂದು ತೂತು, ಅದರೊಳಗೆ ಟಾರ್ಚ್. ಅದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು, ಅದೇ ಡಬ್ಬಿಯನ್ನು ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಟ್ಟಿ, ಎರಡನ್ನೂ ಪಕ್ಕಪಕ್ಕ ಇಡಬೇಕು. ಉಪಾಯ ನನ್ನದಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1984ರಲ್ಲಿ ಬಣ್ಣದ ಗೋಡೆಗಳ ಇಂಥದ್ದೇ ಪೆಟ್ಟಿಗೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿದರು. ಮುಂದೆ ನಿಜವಾದ ಪೆಟ್ಟಿಗೆಯನ್ನೇ ಕಟ್ಟಿ ಹೋಲಿಸಿಯೂ ನೋಡಿದರು. ಹೋಲಿಸೋಕೆ ಪಕ್ಕದಲ್ಲಿ ನಿಜದ ವಸ್ತು ಇಲ್ಲದಿದ್ದರೆ ಟೀಕೆ ಬರೀ ಅಭಿಪ್ರಾಯವಾಗಿ ಉಳಿಯುತ್ತೆ.

ಕ್ಯಾಮೆರಾ ಬಗ್ಗೆ ನಾನು ಹೆಚ್ಚು ಹೇಳೋದಿಲ್ಲ. ಗೋಡೆಯ ನಿಂತ ಗೆರೆಗಳು ನೆಟ್ಟಗಿರಲಿ. ಕೋಣೆ ದೊಡ್ಡದು ಕಾಣಲಿ ಅಂತ ಲೆನ್ಸ್ ಅಗಲಿಸಬೇಡಿ.

ಕೋಣೆಯನ್ನು ಇರೋದಕ್ಕಿಂತ ದೊಡ್ಡದು ತೋರಿಸಬೇಡಿ ಅನ್ನೋದರ ಹಿಂದೆ ಒಂದು ನೋವಿದೆ. ಒಬ್ಬ ಬಿಲ್ಡರ್‌ಗೆ ವ್ಯೂ ಮಾಡುವಾಗ, ಹತ್ತಡಿಗೆ ಹತ್ತಡಿ ಬೆಡ್‌ರೂಮಿನಲ್ಲಿ ಆರಡಿ ಅಗಲದ ಮಂಚವನ್ನು ಐದಡಿಗೆ ಕುಗ್ಗಿಸು ಅಂದರು. ಕುಗ್ಗಿಸಿದೆ. ಬ್ರೋಷರ್‌ನಲ್ಲಿ ಕೋಣೆ ಅರಮನೆಯ ಹಾಗೆ ಕಂಡಿತು. ಅದನ್ನು ನೋಡಿ ಯಾರೋ ಮುಂಗಡ ಕೊಟ್ಟಿರುತ್ತಾರೆ, ಆಮೇಲೆ ತಮ್ಮ ಮಂಚ ತಂದು ಬೀರು ಬಾಗಿಲು ತೆರೆಯಲಾಗದೆ ನಿಂತಿರುತ್ತಾರೆ. ಜಾಹೀರಾತಿನ ತಪ್ಪು ಮಾಹಿತಿ ನಂಬಿ ಹಣ ಕೊಟ್ಟು ನಷ್ಟವಾದವರಿಗೆ ಪರಿಹಾರ ಸಿಗಬೇಕು ಅಂತ ಮನೆ ಕೊಳ್ಳುವವರ ರಕ್ಷಣೆಗಿರುವ 2016ರ ರೇರಾ ಕಾಯಿದೆಯ 12ನೇ ಸೆಕ್ಷನ್ನಿನಲ್ಲಿದೆ. ನಿಜದ ಹಾಗೆ ಕಾಣುವ ಚಿತ್ರ ಮಾಡಲು ಕಲಿತವರ ಕೈಯಲ್ಲಿ ಜನ ನಂಬುವ ಸುಳ್ಳೂ ಇರುತ್ತೆ. ಅದಕ್ಕೇ ಮೊದಲ ದಿನ ಎಲ್ಲರ ಕೈಗೂ ಟೇಪ್ ಕೊಡುತ್ತೇನೆ. ತಮ್ಮ ಮನೆಯ ಮಂಚ, ಸ್ವಿಚ್‌ಬೋರ್ಡ್ ಎತ್ತರ, ಗೋಡೆಯ ಬುಡದ ಪಟ್ಟಿ (ಸ್ಕರ್ಟಿಂಗ್) ಎಲ್ಲ ಅಳೆದು ತರಬೇಕು.

ಆ ಹುಡುಗಿ ಮುಂದಿನ ಶನಿವಾರ ಮತ್ತೆ ಬಂದಳು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗಂಟೆಗೊಂದರಂತೆ ಹಾಲ್‌ನ ಫೋಟೋ ತೆಗೆದಿದ್ದಳು. ಮೊದಲು ಎಲ್ಲಕ್ಕೂ ಒಂದೇ ಬೂದು ಬಣ್ಣ ಕೊಟ್ಟು ಬೆಳಕು ಸರಿಮಾಡಿ, ಆಮೇಲೆ ಒಂದೊಂದೇ ಮಟೀರಿಯಲ್ ಹಾಕಿದ್ದಳು. ಶೋಕೇಸ್ ಮುಟ್ಟಿದ್ದ ಬಿಸಿಲು ಹೋಗಿ ಕಿಟಕಿಯ ಬುಡದಲ್ಲಿ ಸಣ್ಣ ಪಟ್ಟಿ ಉಳಿದಿತ್ತು. ಗೋಡೆಯ ಕೆಳಗೆ ತೆಳ್ಳಗೆ ಕೆಂಪು. ಎರಡು ನಿಮಿಷ ಮುಗಿಯುವ ಮೊದಲೇ ಅವಳೇ ಮುಂದೆ ಬಂದು ಕಿಟಕಿಯ ಮೇಲೆ ಬೆರಳಿಟ್ಟಳು.

"ಮೇಡಂ, ಇಲ್ಲಿ ತಪ್ಪಿದೆ. ಕರ್ಟನ್ ಒಳಗಿಂದ ಬೆಳಕು ಬರ್ತಾ ಇಲ್ಲ, ರಟ್ಟಿನ ಥರ ಇದೆ. ಮನೇಲಿ ಮಡಿಕೆ ಎರಡು ಪದರ ಆದ ಕಡೆ ಮಾತ್ರ ಕಪ್ಪು, ಮಿಕ್ಕಿದ್ದೆಲ್ಲ ಬೆಳಗುತ್ತೆ."

ಈ ಶನಿವಾರ ಆ ಕರ್ಟನ್ ಬಿಚ್ಚಿ ತರೋಕೆ ಹೇಳಿದ್ದೇನೆ. ನಮ್ಮ ಕ್ಲಾಸಿನ ಪೂರ್ವದ ಕಿಟಕಿಗೆ ಕಟ್ಟಿ ನೋಡಬೇಕು.