ಲೋಕಲ್ ರೈಲು ಹೆಚ್ಚಾದರೆ ಕೆಜಿಎಫ್ ಚೇತರಿಸಿಕೊಳ್ಳುತ್ತದೆಯೇ?

ಬೆಂಗಳೂರಿನ ಉಪನಗರ ರೈಲಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುವ ಪ್ರಶ್ನೆ ಇದು: "ಈ ರೈಲನ್ನು ವೈಟ್‌ಫೀಲ್ಡಿಗೇ ನಿಲ್ಲಿಸದೆ ಬಂಗಾರಪೇಟೆ, ಮಾರಿಕುಪ್ಪಂವರೆಗೂ ಒಯ್ದರೆ, ಗಣಿ ಮುಚ್ಚಿ ಸೊರಗಿದ ಕೆಜಿಎಫ್ ಮತ್ತೆ ಮೇಲೇಳುತ್ತದಾ?" ಕೇಳುವವರಲ್ಲಿ ಕೆಲವರಿಗೆ ರೈಲೇ ಸಂಜೀವಿನಿ. ಇನ್ನು ಕೆಲವರಿಗೆ, ರೈಲು ಹೆಚ್ಚಿದಷ್ಟೂ ಊರು ಬರೀ ರಾತ್ರಿ ಮಲಗುವ ಜಾಗವಾಗಿ ಉಳಿದೀತು ಎಂಬ ಆತಂಕ.

ನನ್ನ ಉತ್ತರ ಹೀಗಿದೆ. ರೈಲು ಕೆಜಿಎಫ್‌ಗೆ ಕೆಲಸ ತಂದುಕೊಡುವುದಿಲ್ಲ. ಆದರೆ ಕೆಲಸ ಬೆಂಗಳೂರಿನಲ್ಲಿದ್ದವರ ಮನೆ ಕೆಜಿಎಫ್‌ನಲ್ಲೇ ಉಳಿಯುವಂತೆ ಮಾಡಬಲ್ಲದು. ಅದು ಆಗುವುದು ಗಾಡಿಗಳ ಸಂಖ್ಯೆಯಿಂದಲ್ಲ, ಅವು ಹೊರಡುವ ಮತ್ತು ತಲುಪುವ ಹೊತ್ತಿನಿಂದ.

ಮೊದಲಿಗೆ, ಕೆಜಿಎಫ್‌ಗೆ ರೈಲು ಹೊಸದೇನಲ್ಲ. ಚಿನ್ನದ ಗಣಿಗೆಂದೇ ಬಂಗಾರಪೇಟೆಯಿಂದ ಸುಮಾರು 16 ಕಿ.ಮೀ. ಕವಲು ಹಳಿ 1894ರಲ್ಲಿ ಬಂತು. ಶಿವನಸಮುದ್ರದ ವಿದ್ಯುತ್ ಗಣಿಗೆ ತಲುಪಿದ್ದು ಅದಾದ ಎಂಟು ವರ್ಷಕ್ಕೆ, 1902ರಲ್ಲಿ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ಸ್ಟೇಷನ್‌ಗಳ ಹೆಸರೇ ಗಣಿಗಳ ನಕ್ಷೆ. ಅಂದು ಯಂತ್ರ, ಸಾಮಾನು, ಕೆಲಸಗಾರರು ಊರಿನ ಒಳಗೆ ಬರುತ್ತಿದ್ದರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಅದೇ ಹಳಿಯ ಮೇಲೆ ಜನ ಹೊರಗೆ ಹೋಗತೊಡಗಿದರು. ಇವತ್ತು ಸಾವಿರಾರು ಮಂದಿ ಬೆಳಕು ಹರಿಯುವ ಮೊದಲೇ ಎದ್ದು ಬೆಂಗಳೂರಿಗೆ ಹೊರಡುತ್ತಾರೆ. ಆದ್ದರಿಂದ "ರೈಲು ಬಂದರೆ" ಎಂದು ಕೇಳುವುದಕ್ಕಿಂತ, ಇರುವ ರೈಲು ಈ ಜನಕ್ಕೆ ಒಗ್ಗುವಂತೆ ಓಡುತ್ತಿದೆಯೇ ಎಂದು ಕೇಳಬೇಕು.

ದೂರದ ಲೆಕ್ಕ ನೋಡೋಣ. ಮೆಜೆಸ್ಟಿಕ್‌ನಿಂದ ಬಂಗಾರಪೇಟೆಗೆ ಸುಮಾರು 70 ಕಿ.ಮೀ., ಮಾರಿಕುಪ್ಪಂಗೆ ಸುಮಾರು 86. ಬಂಗಾರಪೇಟೆಯವರೆಗೆ ಜೋಡಿ ಹಳಿ, ವಿದ್ಯುತ್ ಮಾರ್ಗ. ಗಂಟೆಗೆ ಸರಾಸರಿ 70 ಕಿ.ಮೀ. ವೇಗ ಸಿಕ್ಕರೆ 86 ಕಿ.ಮೀ.ಗೆ 75 ನಿಮಿಷ ಸಾಕು. ನಿಲುಗಡೆಗಳನ್ನು ಸೇರಿಸಿ. ಗಾಡಿ ನಿಧಾನಿಸಿ, ನಿಂತು, ಮತ್ತೆ ವೇಗ ಹಿಡಿಯುವಷ್ಟರಲ್ಲಿ ಒಂದು ಸ್ಟೇಷನ್‌ಗೆ ಎರಡು ನಿಮಿಷ ಹೋಗುತ್ತದೆ. ದಾರಿಯಲ್ಲಿ ಹದಿನೈದು ಕಡೆ ನಿಂತರೆ ಅರ್ಧ ಗಂಟೆ. ಅಲ್ಲಿಗೆ ಒಂದೂಮುಕ್ಕಾಲು ಗಂಟೆಯಲ್ಲಿ ತಲುಪಬೇಕಾದ ದಾರಿ ಇದು. ಎರಡು ಗಂಟೆ ಮೀರುವುದು ಯಾಕೆ?

ಹೊತ್ತು ಸೋರಿಹೋಗುವುದು ಮೂರು ಜಾಗದಲ್ಲಿ.

ಒಂದು, ಹಿಂದೆ ಹಾಕಿಸಿಕೊಳ್ಳುವುದು. ಬೆಂಗಳೂರು–ಚೆನ್ನೈ ಮಾರ್ಗ ದಕ್ಷಿಣದ ಮುಖ್ಯ ಹಳಿಗಳಲ್ಲೊಂದು. ಶತಾಬ್ದಿ, ಡಬಲ್ ಡೆಕರ್, ಲಾಲ್‌ಬಾಗ್, ಬೃಂದಾವನ, 2022ರ ನವೆಂಬರ್‌ನಿಂದ ವಂದೇ ಭಾರತ್, ಜೊತೆಗೆ ಗೂಡ್ಸ್ ಎಲ್ಲವೂ ಇದೇ ಎರಡು ಹಳಿಗಳ ಮೇಲೆ. ವೇಗದ ಗಾಡಿಗೆ ದಾರಿ ಬಿಡಲು ಮೆಮುವನ್ನು, ಅಂದರೆ ಬೇರೆ ಎಂಜಿನ್ ಇಲ್ಲದೆ ವಿದ್ಯುತ್ತಿನಲ್ಲಿ ಓಡುವ ಲೋಕಲ್ ಗಾಡಿಯನ್ನು, ಮಾಲೂರಿನಂಥ ಸ್ಟೇಷನ್‌ನ ಲೂಪ್ ಹಳಿಗೆ (ಪಕ್ಕಕ್ಕೆ ಸರಿದು ನಿಲ್ಲುವ ಹಳಿಗೆ) ತಿರುಗಿಸಬೇಕು. ತಿರುವಿನಲ್ಲಿ ವೇಗ ಸಾಮಾನ್ಯವಾಗಿ 30 ಕಿ.ಮೀ.ಗೆ ಇಳಿಯುತ್ತದೆ. ಹಿಂದಿನ ಗಾಡಿ ಬಂದು, ದಾಟಿ, ಮುಂದಿನ ಸ್ಟೇಷನ್ ತಲುಪುವವರೆಗೆ ಮೆಮು ಕಾಯಬೇಕು. ಹಳೆಯ ಬ್ಲಾಕ್ ಪದ್ಧತಿಯಲ್ಲಿ ಎರಡು ಸ್ಟೇಷನ್‌ಗಳ ನಡುವೆ ಆ ಹಳಿಯ ಮೇಲೆ ಒಮ್ಮೆಗೆ ಒಂದೇ ಗಾಡಿಗೆ ಅವಕಾಶ. ಹೀಗೆ ಒಂದು ಗಾಡಿಗೆ ದಾರಿ ಬಿಡುವುದೆಂದರೆ ಹತ್ತು ಹದಿನೈದು ನಿಮಿಷ ಕೈಬಿಟ್ಟಂತೆ. ಆಟೋಮ್ಯಾಟಿಕ್ ಸಿಗ್ನಲ್ ಇರುವಲ್ಲಿ ಸುಮಾರು ಕಿಲೋಮೀಟರಿಗೊಂದು ಸಿಗ್ನಲ್ ಇದ್ದು ಗಾಡಿಗಳು ಕೆಲವೇ ನಿಮಿಷದ ಅಂತರದಲ್ಲಿ ಹಿಂದೆ ಹಿಂದೆ ಓಡಬಲ್ಲವು, ಕಾಯುವುದೂ ಕಡಿಮೆಯಾಗುತ್ತದೆ.

ಎರಡು, ವೈಟ್‌ಫೀಲ್ಡ್‌ನಿಂದ ಕಂಟೋನ್ಮೆಂಟ್‌ವರೆಗಿನ ಇಕ್ಕಟ್ಟು. ಪಾಸ್‌ನವರಿಗೆ ಚೆನ್ನಾಗಿ ಗೊತ್ತಿರುವ ಸಂಕಟ ಇದು. ಬಂಗಾರಪೇಟೆಯಿಂದ ಸಮಯಕ್ಕೆ ಸರಿಯಾಗಿ ಬಂದ ಗಾಡಿ ಔಟರ್‌ನಲ್ಲಿ, ಅಂದರೆ ಸ್ಟೇಷನ್ ಹೊರಗಿನ ಸಿಗ್ನಲ್ ಬಳಿ, ನಿಂತುಬಿಡುತ್ತದೆ. ವೈಟ್‌ಫೀಲ್ಡ್‌ನಲ್ಲಿ ಕಂಟೇನರ್ ಡಿಪೊ ಮತ್ತು ಗೂಡ್ಸ್ ಟರ್ಮಿನಲ್ ಇವೆ. ಉದ್ದದ ಗೂಡ್ಸ್ ಗಾಡಿಯೊಂದು ಯಾರ್ಡಿಗೆ ತಿರುಗಲು ಎದುರು ಹಳಿಯನ್ನು ಅಡ್ಡ ದಾಟಿತೆಂದರೆ ಅಷ್ಟೂ ಹೊತ್ತು ಎರಡು ದಿಕ್ಕೂ ಬಂದ್. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲಿ ಶುರುವಾದ ಮೇಲೆ ಅಲ್ಲಿಗೆ ಒಳಹೋಗುವ, ಹೊರಬರುವ ಗಾಡಿಗಳೂ ಸೇರಿಕೊಂಡಿವೆ. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡುವ ಕಾಮಗಾರಿ ಕೋಲಾರ ಜಿಲ್ಲೆಗೆ ಯಾವ ಹೊಸ ಮಾರ್ಗಕ್ಕಿಂತಲೂ ಮುಖ್ಯ ಎಂದು ನಾನು ಹೇಳುವುದು ಇದಕ್ಕೇ. ಕೆಲಸ ನಡೆಯುವುದು ಬೆಂಗಳೂರಿನಲ್ಲಿ, ಹೊತ್ತು ಉಳಿಯುವುದು ಕೆಜಿಎಫ್‌ನವರಿಗೆ.

ಮೂರು, ಬಂಗಾರಪೇಟೆಯಿಂದ ಆಚೆಗಿನ ಒಂಟಿ ಹಳಿ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಎಂದುಕೊಳ್ಳಿ. ನಡುವೆ ಎರಡು ಗಾಡಿ ಕ್ರಾಸಿಂಗ್ ಆಗಲು ಲೂಪ್ ಇರದಿದ್ದರೆ ಒಂದು ದಿಕ್ಕಿಗೆ ಗಂಟೆಗೊಂದು ಗಾಡಿಗಿಂತ ಹೆಚ್ಚು ಓಡಿಸಲು ಬರುವುದಿಲ್ಲ. "ಇಪ್ಪತ್ತು ನಿಮಿಷಕ್ಕೊಂದು ಲೋಕಲ್ ಕೊಡಿ" ಎಂಬ ಬೇಡಿಕೆ ಕೇಳಲು ಚೆಂದ, ಆದರೆ ಹಳಿ ಜೋಡಿಯಾಗದೆ ಅದು ಆಗದ ಮಾತು. ಬೆಳಿಗ್ಗೆ ನಾಲ್ಕು, ಸಂಜೆಯಿಂದ ರಾತ್ರಿಯವರೆಗೆ ಐದು ನೇರ ಗಾಡಿ ಎಂದರೆ ಈ ಹಳಿಗೆ ಎಟುಕುವ ಲೆಕ್ಕ.

ಈಗ ಆ ನಾಲ್ಕೈದು ಗಾಡಿ ಯಾವ ಹೊತ್ತಿಗಿರಬೇಕು? ವೇಳಾಪಟ್ಟಿ ಬರೆಯುವವರು ಹಳಿ ಖಾಲಿ ಇರುವ ಹೊತ್ತು ನೋಡುತ್ತಾರೆ, ದುಡಿಯುವವರು ಶಿಫ್ಟ್ ನೋಡುತ್ತಾರೆ. ಆಫೀಸು ಒಂಬತ್ತಕ್ಕೆ, ಗಾರ್ಮೆಂಟ್ಸ್ ಬೀಗ ತೆಗೆಯುವುದು ಅದಕ್ಕೂ ಮೊದಲು, ಕಾರ್ಖಾನೆಯ ಮೊದಲ ಶಿಫ್ಟ್ ಆರಕ್ಕೆ. ಸಂಜೆಯ ಸಮಸ್ಯೆ ಇನ್ನೂ ಕಠಿಣ. ಐದೂವರೆಗೆ ಕೆಲಸ ಬಿಡುವವರಿಗೆ ಹೇಗೋ ಗಾಡಿ ಸಿಗುತ್ತದೆ. ಮಾಲ್‌ನ ಅಂಗಡಿ, ಆಸ್ಪತ್ರೆ, ಹೋಟೆಲ್, ಎರಡನೇ ಶಿಫ್ಟ್ ಇವೆಲ್ಲ ಬಿಡುವುದು ಒಂಬತ್ತು ಹತ್ತಕ್ಕೆ. ಹತ್ತೂವರೆ ಹನ್ನೊಂದರ ಹೊತ್ತಿಗೆ ಮಾರಿಕುಪ್ಪಂವರೆಗೂ ಹೋಗುವ ಒಂದು ಗಾಡಿ ಖಾತ್ರಿ ಇಲ್ಲದಿದ್ದರೆ ಇಂಥ ಕೆಲಸ ಹಿಡಿದವರು ವಾರದೊಳಗೆ ಪಿ.ಜಿ. ಹುಡುಕುತ್ತಾರೆ, ವರ್ಷದೊಳಗೆ ಮನೆಮಂದಿಯನ್ನೂ ಕರೆಸಿಕೊಳ್ಳುತ್ತಾರೆ. ಊರು ಬರಿದಾಗುವುದು ಹೀಗೆ, ಒಂದೊಂದೇ ಮನೆ. ರಾತ್ರಿಯ ಕೊನೆಯ ಗಾಡಿ ಅರ್ಧ ಖಾಲಿ ಓಡಿದರೂ ಅದನ್ನು ನಷ್ಟವೆಂದು ಬರೆಯಬಾರದು. ಬೆಳಗಿನ ಗಾಡಿಯ ಎಷ್ಟೋ ಪಾಸ್‌ಗಳು ನಿಂತಿರುವುದು ಅದರ ಭರವಸೆಯ ಮೇಲೆ.

ಬೆಳಗಿನ ಮೊದಲ ಗಾಡಿಯ ಗುಟ್ಟು ಅದು ರಾತ್ರಿ ಎಲ್ಲಿ ತಂಗುತ್ತದೆ ಎಂಬುದರಲ್ಲಿದೆ. ರೇಕ್ (ಬೋಗಿಗಳ ಇಡೀ ಜೋಡಣೆ) ಮಾರಿಕುಪ್ಪಂನಲ್ಲೇ ತಂಗಬೇಕಾದರೆ ಅಲ್ಲಿ ಲೋಕೋ ಪೈಲಟ್ ಮತ್ತು ಗಾರ್ಡ್ ಮಲಗಲು ಕೋಣೆ, ಗಾಡಿ ಗುಡಿಸಿ ತೊಳೆಯುವವರು, ನೀರು, ಕಾವಲು ಬೇಕು. ಇವಿಲ್ಲದಿದ್ದರೆ ಗಾಡಿ ಬೇರೆಡೆಯಿಂದ ಖಾಲಿ ಬರಬೇಕು, ಆಗ ಮೊದಲು ಕತ್ತರಿ ಬೀಳುವುದು ನಸುಕಿನ ಗಾಡಿಗೆ. ಮನವಿ ಪತ್ರಗಳಲ್ಲಿ ಈ ಸಾಲು ನಾನು ಕಂಡಿದ್ದು ಬಹಳ ಕಡಿಮೆ. ಹೊಸ ಗಾಡಿ ಕೇಳುವ ಮೊದಲು ಇದನ್ನು ಕೇಳಬೇಕು.

ಗಾಡಿ ಯಾವುದು ಎಂಬುದೂ ಮುಖ್ಯ. ಎಂಜಿನ್ ಎಳೆಯುವ ಗಾಡಿಯಾದರೆ ಕೊನೆಯ ಸ್ಟೇಷನ್‌ನಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕು. ಮೆಮುಗೆ ಎರಡೂ ತುದಿಯಲ್ಲಿ ಚಾಲಕನ ಕ್ಯಾಬಿನ್ ಇರುವುದರಿಂದ ಹತ್ತು ನಿಮಿಷದಲ್ಲಿ ಹಿಂದಿರುಗಬಹುದು, ವೇಗವೂ ಬೇಗ ಹಿಡಿಯುತ್ತದೆ. 8 ಬೋಗಿಯ ಮೆಮು ಸಾಲದು ಎಂಬುದು ಬೆಳಿಗ್ಗೆ ಬಾಗಿಲಲ್ಲಿ ನೇತಾಡುವವರನ್ನು ಕಂಡರೇ ತಿಳಿಯುತ್ತದೆ. ಎರಡು ರೇಕ್ ಜೋಡಿಸಿ 16 ಬೋಗಿ ಮಾಡುವುದು ಹಳಿ ಹೆಚ್ಚಿಸದೆ ಆಸನ ಇಮ್ಮಡಿಸುವ ದಾರಿ. ಆದರೆ ಬೋಗಿಗೆ ಸುಮಾರು 22 ಮೀಟರ್ ಹಿಡಿದರೆ 16 ಬೋಗಿಗೆ 350 ಮೀಟರ್ ಮೀರಿದ ಪ್ಲಾಟ್‌ಫಾರಂ ಬೇಕು, ಅದೂ ಪ್ರತಿ ಚಿಕ್ಕ ಸ್ಟೇಷನ್‌ನಲ್ಲೂ. ಎತ್ತರವೂ ಬೇಕು: ಹಳಿಯಿಂದ 760ರಿಂದ 840 ಮಿ.ಮೀ. ನೆಲಮಟ್ಟದ ಪ್ಲಾಟ್‌ಫಾರಂನಿಂದ ವಯಸ್ಸಾದವರು, ಮಗುವನ್ನು ಎತ್ತಿಕೊಂಡ ತಾಯಂದಿರು ಮೆಟ್ಟಿಲು ಹಿಡಿದು ಹತ್ತುವಷ್ಟರಲ್ಲಿ ಒಂದು ನಿಮಿಷದ ನಿಲುಗಡೆ ಮೂರಾಗುತ್ತದೆ.

ಖರ್ಚಿನ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಸೀಸನ್ ಟಿಕೆಟ್ 150 ಕಿ.ಮೀ.ವರೆಗೆ ಸಿಗುತ್ತದೆ, ಮೂರು ತಿಂಗಳ ಪಾಸ್‌ನ ದರ ಒಂದು ತಿಂಗಳ ಪಾಸ್‌ನ 2.7 ಪಟ್ಟು. ಗಂಡಸರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಆದ್ದರಿಂದ ಅವರು ರೈಲು ಹತ್ತಬೇಕಾದರೆ ರೈಲು ಬೇಗ ತಲುಪಬೇಕು ಮತ್ತು ಕತ್ತಲಾದ ಮೇಲೆ ಸ್ಟೇಷನ್ ದಾರಿಯಲ್ಲಿ ದೀಪವಿರಬೇಕು. ಅಗ್ಗ ಎಂಬ ಕಾರಣವೊಂದೇ ಈಗ ಸಾಲದು.

ಬೆಂಗಳೂರಿನಲ್ಲಿ ಇಳಿದ ಮೇಲಿನ ಕಥೆ ಮಾತ್ರ ನಿಜಕ್ಕೂ ಸುಧಾರಿಸಿದೆ. ವೈಟ್‌ಫೀಲ್ಡ್ ಮೆಟ್ರೊ ಸ್ಟೇಷನ್ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇದೆ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್–ಕೆ.ಆರ್.ಪುರ, ಅಕ್ಟೋಬರ್‌ನಲ್ಲಿ ಕೆ.ಆರ್.ಪುರ–ಬೈಯಪ್ಪನಹಳ್ಳಿ ಸೇರಿಕೊಂಡ ಮೇಲೆ ಐಟಿಪಿಎಲ್, ಕುಂದಲಹಳ್ಳಿ, ಹೂಡಿಗೆ ಹೋಗುವವರು ಮೆಜೆಸ್ಟಿಕ್‌ವರೆಗೆ ಕೂರಬೇಕಿಲ್ಲ. ಎಷ್ಟೋ ಜನರಿಗೆ ಪಯಣ 24 ಕಿ.ಮೀ. ಮೊದಲೇ ಮುಗಿಯುತ್ತದೆ. ಉಪನಗರ ರೈಲಿನ 148 ಕಿ.ಮೀ. ಯೋಜನೆಯಲ್ಲಿ ಕೆಂಗೇರಿ–ವೈಟ್‌ಫೀಲ್ಡ್ 'ಪಾರಿಜಾತ' ಮಾರ್ಗವೂ ಇದೆ. ಅದು ಬಂದ ದಿನ ಮೆಮುವನ್ನು ವೈಟ್‌ಫೀಲ್ಡ್‌ನಲ್ಲೇ ಮುಗಿಸಿ "ಅಲ್ಲಿಂದ ಬದಲಿಸಿಕೊಳ್ಳಿ" ಎನ್ನುವ ಆಸೆ ಯಾರಿಗೂ ಬರಬಾರದು. ಎರಡು ಗಂಟೆ ದಾರಿಯವರಿಗೆ ಮತ್ತೊಂದು ಟಿಕೆಟ್, ಮತ್ತೊಂದು ಕಾಯುವಿಕೆ ಹೊರೆಯಾಗುತ್ತದೆ.

ಇನ್ನು ಆತಂಕದ ಪಂಗಡದವರ ಮಾತು. ರೈಲು ಚೆನ್ನಾಗಾದರೆ ಊರಿನ ಹುಡುಗರೆಲ್ಲ ಬೆಂಗಳೂರಿಗೇ ಹೋಗುತ್ತಾರೆ, ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಏನು ಬಂತು? ಹುಡುಗರು ಈಗಾಗಲೇ ಹೋಗುತ್ತಿದ್ದಾರೆ. ಪ್ರಶ್ನೆ ಇರುವುದು ಸಂಬಳ ಎಲ್ಲಿ ಖರ್ಚಾಗುತ್ತದೆ ಎಂಬುದರಲ್ಲಿ. ಬಾಡಿಗೆಗೆ ಮನೆ ಹಿಡಿದು ಕೆ.ಆರ್.ಪುರದಲ್ಲಿ ಉಳಿದವರ ದಿನಸಿ, ಶಾಲೆ ಫೀಸು, ಡಾಕ್ಟರ್ ಎಲ್ಲವೂ ಅಲ್ಲೇ. ಸಂಜೆ ಊರಿಗೆ ಮರಳುವವರ ಸಂಬಳ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಅಂಗಡಿಗೆ ಬೀಳುತ್ತದೆ. ಆದರೆ ಮರಳುವವರಿಗೆ ಅಂಗಡಿಗೆ ಹೋಗುವಷ್ಟು ಹೊತ್ತು ಉಳಿದಿರಬೇಕು. ಒಂದೊಂದು ದಿಕ್ಕಿಗೆ 40 ನಿಮಿಷ ಉಳಿದರೆ 26 ದಿನಕ್ಕೆ ಸುಮಾರು 35 ಗಂಟೆ. ಮಕ್ಕಳ ಜೊತೆ ಕೂತು ಊಟ ಮಾಡುವ ಹೊತ್ತು ಅದು. ಮನೆಯನ್ನು ಊರಲ್ಲೇ ಉಳಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಅದರ ಮೇಲೇ ನಿಂತಿರುತ್ತದೆ.

ಆದರೂ ಅವರ ಆತಂಕದಲ್ಲಿ ಒಂದು ಸತ್ಯ ಇದೆ. ಒಂದೇ ದಿಕ್ಕಿಗೆ ತುಂಬಿ ಓಡುವ ರೈಲು ಊರನ್ನು ಬೆಳೆಸುವುದಿಲ್ಲ, ಹಿಡಿದಿಡುತ್ತದೆ ಅಷ್ಟೆ. ಬೆಳೆಯಬೇಕಾದರೆ ಬೆಳಿಗ್ಗೆ ಕೆಜಿಎಫ್ ಕಡೆಗೂ ಗಾಡಿ ತುಂಬಿ ಬರಬೇಕು. ಇಲ್ಲಿ ಜಿಲ್ಲೆಯ ಹೊಸ ಕಾರ್ಖಾನೆಗಳು ನಿರಾಸೆ ಮಾಡುತ್ತವೆ. ನರಸಾಪುರ, ವೇಮಗಲ್ ಎರಡೂ ಹೆದ್ದಾರಿಯ ಕಡೆಗಿವೆ, ಈ ಹಳಿಯಿಂದ ದೂರ, ಕೆಲಸಗಾರರು ಹೋಗುವುದು ಕಂಪನಿ ಬಸ್ಸಿನಲ್ಲಿ. ಕೈಗಾರಿಕೆಯ ಪಕ್ಕದಲ್ಲೇ ಸ್ಟೇಷನ್ ಇರುವ ಅದೃಷ್ಟ ಮಾಲೂರಿಗಿದೆ. ಕೆಜಿಎಫ್‌ನಲ್ಲಿ ಬೆಮಲ್‌ನಿಂದ ರಾಜ್ಯ ಸರ್ಕಾರಕ್ಕೆ ಮರಳಿದ ಸುಮಾರು 970 ಎಕರೆ ಕೈಗಾರಿಕೆಗೆಂದು ಇದೆ. ಅಲ್ಲಿ ಗೇಟ್ ಯಾವ ಕಡೆ ಇಡುತ್ತಾರೆ, ಬೆಮಲ್ ನಗರ, ಕೋರಮಂಡಲ್ ಸ್ಟೇಷನ್‌ಗಳಿಂದ ಶಿಫ್ಟಿನ ಹೊತ್ತಿಗೆ ಬಸ್ ಇರುತ್ತದೆಯೇ ಎಂಬುದು ನಕ್ಷೆ ಬರೆಯುವಾಗಲೇ ತೀರ್ಮಾನವಾಗಬೇಕು. ಹೊಸಕೋಟೆಯಿಂದ ಬೇತಮಂಗಲದವರೆಗಿನ 71 ಕಿ.ಮೀ. ಎಕ್ಸ್‌ಪ್ರೆಸ್‌ವೇ ಈಗ ಇದೆ. ರೈಲನ್ನು ಮರೆತರೆ ಕಾರ್ಖಾನೆಗಳೆಲ್ಲ ಅದರತ್ತ ಮುಖ ಮಾಡಿ ನಿಲ್ಲುತ್ತವೆ, ಬೈಕ್ ಹೋಗದ ರಸ್ತೆಯತ್ತ.

ಮಾರಿಕುಪ್ಪಂ–ಕುಪ್ಪಂ ನಡುವಿನ ಸುಮಾರು 24 ಕಿ.ಮೀ. ಹೊಸ ಹಳಿ ಮುಗಿದರೆ ಕೆಜಿಎಫ್ ಕೊನೆಯ ಸ್ಟೇಷನ್ ಆಗಿ ಉಳಿಯದೆ ಚೆನ್ನೈ ದಾರಿಯ ಮೇಲಿನ ಊರಾಗುತ್ತದೆ. ಅದು ಒಳ್ಳೆಯದೇ. ಆದರೆ ಆಗ ಆ ಒಂಟಿ ಹಳಿಯ ಮೇಲೆ ದೂರದ ಗಾಡಿಗಳೂ ಗೂಡ್ಸೂ ಬರುತ್ತವೆ, ದಾರಿ ಬಿಟ್ಟು ನಿಲ್ಲುವ ಸರದಿ ಮತ್ತೆ ಮೆಮುವಿನದೇ ಆಗುತ್ತದೆ. ಕುಪ್ಪಂ ಹಳಿ ಸೇರುವ ಮೊದಲೇ ಬಂಗಾರಪೇಟೆ–ಮಾರಿಕುಪ್ಪಂ ನಡುವೆ ಕನಿಷ್ಠ ಒಂದು ಕಡೆ, ಊರಿಗಾಂ ಆಸುಪಾಸಿನಲ್ಲಾದರೂ, 16 ಬೋಗಿ ಹಿಡಿಸುವ ಕ್ರಾಸಿಂಗ್ ಲೂಪ್ ಇರಬೇಕು.